ರಸೀದಿ ಇಲ್ಲದ ದಾನ



ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ಹೆಸರು ಸಮಾಜದ ಮಕ್ಕಳಿಗೂ ಬಾಯಿಪಾಠ. ಆದರೆ ಇಂದು ದಾನವೆಂದೊಡನೆ ನೆನಪಾಗುವುದು ಅಭಿಷೇಕದ ಸವಾಲು, ಅಮೃತಶಿಲೆಯ ಫಲಕ, ಕೊನೆಗೊಂದು 80ಜಿ ರಸೀದಿ. ಹಣ ಕೊಡುವುದರಲ್ಲಿ ಈ ಸಮಾಜ ಎಂದೂ ಹಿಂದೆ ಬಿದ್ದಿಲ್ಲ. ಹಿಂದೆ ಬಿದ್ದಿರುವುದು ವೇಳೆ ಕೊಡುವುದರಲ್ಲಿ. ಚೆಕ್ಕಿನ ಮೂಲಕ ಬಂದ ದೇಣಿಗೆಗೆ ಆದಾಯ ತೆರಿಗೆ ಕಾನೂನಿನಲ್ಲಿ ರಿಯಾಯಿತಿ ಉಂಟು. ಒಬ್ಬರ ಭಾನುವಾರದ ಮೂರು ಗಂಟೆಗಳಿಗೆ ಅಂತಹ ಯಾವ ರಿಯಾಯಿತಿಯೂ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಕಾಣದ ದಾನ ಸಭೆಯಲ್ಲಿಯೂ ಕಾಣದೆ ಹೋಗಿದೆ.

ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಸಂಪತ್ತು ಆಕೆಯದು, ಆದರೆ ತಾಳೆಗರಿಯ ಮೇಲೆ ಅಕ್ಷರ ಕೊರೆದ ಕೈಗಳು ಲಿಪಿಕಾರರವು. ಆ ಕೈಗಳಿಲ್ಲದಿದ್ದರೆ ಆಕೆಯ ಹೊನ್ನಿನಿಂದ ಒಂದು ಪ್ರತಿಯೂ ಸಿದ್ಧವಾಗುತ್ತಿರಲಿಲ್ಲ. ಲಿಪಿಕಾರರ ಆವಶ್ಯಕತೆ ಇಂದಿಗೂ ಇದೆ. ದೃಷ್ಟಿಹೀನ ವಿದ್ಯಾರ್ಥಿ ಪರೀಕ್ಷೆಯಲ್ಲಿ ಉತ್ತರ ಹೇಳುತ್ತಾನೆ, ಪಕ್ಕದಲ್ಲಿ ಕುಳಿತವರು ಬರೆಯುತ್ತಾರೆ. ಒಪ್ಪಿಕೊಂಡವರು ಆ ಬೆಳಿಗ್ಗೆ ಬಾರದಿದ್ದರೆ ಇಡೀ ವರ್ಷದ ಓದು ವ್ಯರ್ಥವಾಗಬಹುದು.

ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಗಮನಾರ್ಹವಾದ ಒಂದು ಅಂಶವಿತ್ತು. ಅಭ್ಯರ್ಥಿ ತಾನೇ ಕರೆತರುವ ಲಿಪಿಕಾರರ ವಿದ್ಯಾರ್ಹತೆ ಅಭ್ಯರ್ಥಿಯದಕ್ಕಿಂತ ಒಂದು ಹಂತ ಕೆಳಗಿರಬೇಕಿತ್ತು. ಅಂದರೆ, ಪದವೀಧರ ತಂದೆಗೆ ಸಿಗದ ಅವಕಾಶ ಕಿರಿಯ ತರಗತಿಯಲ್ಲಿ ಓದುವ ಮಗಳಿಗೆ ಸಿಗುತ್ತಿತ್ತು. ಪರೀಕ್ಷೆಗೊಂದು ನಿಯಮವಿರುವುದರಿಂದ ಮಂಡಳಿಯಲ್ಲಿ ಮೊದಲೇ ವಿಚಾರಿಸಬೇಕು. ಮುಂಬಯಿಯಲ್ಲಿ 1952ರಿಂದ ರಾಷ್ಟ್ರೀಯ ಅಂಧರ ಸಂಘವಿದೆ. ಉಳಿದ ಮಹಾನಗರಗಳಲ್ಲಿಯೂ ಇಂತಹ ಸಂಸ್ಥೆಗಳಿವೆ. ಪರೀಕ್ಷಾ ಕಾಲಕ್ಕೆ ಮುಂಚೆಯೇ ಹೆಸರು ಕೊಟ್ಟಿರುವುದು ಉಚಿತ.

ಕನ್ನಡ ಬಲ್ಲವರಿಗೆ ಮತ್ತೊಂದು ಕ್ಷೇತ್ರ ತೆರೆದಿದೆ. ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ. ಮನೆಯಲ್ಲಿ ಮಾತ್ರ ಕನ್ನಡ ಕೇಳುವ ಮಗುವಿಗೆ ವಾರಕ್ಕೊಮ್ಮೆ ಕಥೆ ಓದಿ ಹೇಳಲು, ಲೆಕ್ಕ ಬಿಡಿಸಿ ತೋರಿಸಲು ನಿವೃತ್ತರಿಗೆ, ಗೃಹಿಣಿಯರಿಗೆ ವಿಶೇಷ ತರಬೇತಿ ಬೇಕಿಲ್ಲ. ಮುಖ್ಯೋಪಾಧ್ಯಾಯರ ಅನುಮತಿ ಬೇಕು, ಹಿಡಿದ ಕೆಲಸ ಬಿಡದ ನಿಷ್ಠೆ ಬೇಕು. ಎರಡು ವಾರ ಬಂದು ಮೂರನೆಯ ವಾರ ಮಾಯವಾಗುವವರಿಂದ ಮಗುವಿಗೆ ಆಗುವುದು ಉಪಕಾರವಲ್ಲ, ನೋವು.

ವ್ಯಾಪಾರದ ಮನೆತನಗಳಿಗೆ ಲೆಕ್ಕ ಬರೆಯುವುದು ರಕ್ತಗತ. ಸಣ್ಣ ಅನಾಥಾಶ್ರಮ, ವೃದ್ಧಾಶ್ರಮಗಳು ಬಹುಮಟ್ಟಿಗೆ ಸೋಲುವುದು ಇಲ್ಲಿಯೇ. ವೋಚರುಗಳು ಚೀಲದಲ್ಲಿ ಉಳಿಯುತ್ತವೆ, ಲೆಕ್ಕಪರಿಶೋಧನೆ ತಡವಾಗುತ್ತದೆ, ನೋಂದಣಿಯ ನವೀಕರಣದ ಗಡುವು ಮೀರುತ್ತದೆ. ನೋಂದಣಿ ತಪ್ಪಿದರೆ ತೆರಿಗೆ ವಿನಾಯಿತಿಯೂ ಹೋಗುತ್ತದೆ, ದಾನಿಗಳೂ ದೂರವಾಗುತ್ತಾರೆ. ತಿಂಗಳಿಗೆ ಎರಡು ಸಂಜೆ ಕುಳಿತು ಕ್ಯಾಶ್ ಬುಕ್ ಸರಿಪಡಿಸುವ ಒಬ್ಬ ವ್ಯಕ್ತಿ ಅಂತಹ ಸಂಸ್ಥೆಯ ಪಾಲಿಗೆ ದೊಡ್ಡ ದೇಣಿಗೆಗಿಂತ ಮಿಗಿಲು.

ಕಾನೂನಿನಲ್ಲಿ ಆಸಕ್ತಿ ಇರುವವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ವಕೀಲರಲ್ಲದವರಿಗೂ ತರಬೇತಿ ನೀಡಿ ಅರೆಕಾನೂನು ಸ್ವಯಂಸೇವಕರನ್ನಾಗಿ ನೇಮಿಸುವ ಯೋಜನೆ 2009ರಿಂದ ಇದೆ. ಪ್ರಾಣಿದಯೆಯೇ ಹೃದಯಕ್ಕೆ ಹತ್ತಿರವಾದವರಿಗೆ ದೆಹಲಿಯ ಕೆಂಪು ಕೋಟೆಯ ಎದುರು, ಲಾಲ್ ಮಂದಿರದ ಆವರಣದ ಪಕ್ಷಿಗಳ ಆಸ್ಪತ್ರೆ ಅಭಯದಾನದ ಜೀವಂತ ನಿದರ್ಶನ.

ಹಾಗಾದರೆ ಸರಿಯಾದ ಕೆಲಸ ಹುಡುಕುವುದು ಹೇಗೆ? ಮೊದಲು ಮನೆಯಲ್ಲಿಯೇ ಮೂರು ಪ್ರಶ್ನೆಗಳು. ವಾರಕ್ಕೆ ನಿಜವಾಗಿ ಎಷ್ಟು ಗಂಟೆ ಉಳಿಯುತ್ತದೆ? ಲೋಕಲ್ ರೈಲಿನಲ್ಲೋ ಬಸ್ಸಿನಲ್ಲೋ ಎಷ್ಟು ದೂರ ದಣಿಯದೆ ಹೋಗಬಹುದು? ಯಾವ ಕೆಲಸ ಚೆನ್ನಾಗಿ ಬರುತ್ತದೆ? ನಂತರ ಸಂಸ್ಥೆಯ ಬಾಗಿಲಲ್ಲಿ ಒಂದೇ ಪ್ರಶ್ನೆ: ಇಲ್ಲಿ ಯಾವ ಕೆಲಸಕ್ಕೆ ಜನ ಸಿಗುತ್ತಿಲ್ಲ? ಹುಟ್ಟುಹಬ್ಬದಂದು ಹಣ್ಣು ಹಂಚಿ ಫೋಟೋ ತೆಗೆಸಿಕೊಳ್ಳಲು ಜನ ಎಲ್ಲೆಡೆ ಸಿಗುತ್ತಾರೆ. ವೃದ್ಧರ ಔಷಧದ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲಲು ಸಿಗುವುದಿಲ್ಲ. ಸಂಸ್ಥೆಯ ನೋಂದಣಿಯನ್ನು ನೀತಿ ಆಯೋಗದ ದರ್ಪಣ್ ಪೋರ್ಟಲ್ಲಿನಲ್ಲಿ ನೋಡಿಕೊಳ್ಳಬಹುದು. ಮಕ್ಕಳೊಡನೆ ಕೆಲಸವಾದರೆ ಗುರುತಿನ ತಪಾಸಣೆ ಕೇಳಿದರು ಎಂದು ಮುನಿಸಿಕೊಳ್ಳಬಾರದು. ಕೇಳುವ ಸಂಸ್ಥೆಯೇ ಒಳ್ಳೆಯ ಸಂಸ್ಥೆ.

ಮೊದಲು ನಮ್ಮವರು, ಆಮೇಲೆ ಊರವರು ಎಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಜೈನರು ಸುಮಾರು 44.5 ಲಕ್ಷ, ಅಂದರೆ ನೂರಕ್ಕೆ ಅರ್ಧದಷ್ಟೂ ಅಲ್ಲ. ಸಾಕ್ಷರತೆಯೋ ಶೇಕಡಾ 95ರ ಸಮೀಪ. 2014ರಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನವೂ ದೊರೆಯಿತು. ಹಕ್ಕನ್ನು ಕೇಳಿ ಪಡೆದ ಸಮಾಜ ನೆರೆಯವರ ಹೊಣೆಯನ್ನು ಕೇಳದೆಯೇ ಹೊರಬೇಕು. ಜೈನ ಮನೆತನದಲ್ಲಿ ಹುಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಅವರ ಸಾತಾರಾದ ವಸತಿಗೃಹದಲ್ಲಿ ಎಲ್ಲ ಜಾತಿಯ ಬಾಲಕರೂ ಒಟ್ಟಿಗೆ ಉಂಡು ಬೆಳೆದರು. ಆ ಮಕ್ಕಳ ಹಸಿವು ನೀಗಿಸಲು ಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಒಡವೆಗಳನ್ನು ಕೊಟ್ಟರು. ನಮ್ಮವರು ಯಾರು ಎಂಬ ಪ್ರಶ್ನೆಗೆ ಆ ದಂಪತಿಗಳ ಬದುಕೇ ಉತ್ತರ.

ಆದುದರಿಂದ ಈ ಸಭೆಯ ಮುಂದೆ ಒಂದು ಸಲಹೆ. ಬರುವ ದಶಲಕ್ಷಣ ಪರ್ವದಲ್ಲಿ ಸವಾಲಿನ ಪಟ್ಟಿಯ ಪಕ್ಕದಲ್ಲಿ ಮತ್ತೊಂದು ವಹಿಯನ್ನು ತೆರೆದಿಡಬೇಕು. ಅದರಲ್ಲಿ ರೂಪಾಯಿಯ ಅಂಕಣ ಬೇಡ. ಹೆಸರು, ಕೆಲಸ, ತಿಂಗಳಿಗೆ ಕೊಡುವ ಗಂಟೆ, ಇಷ್ಟೇ ಸಾಕು. ಮುಂದಿನ ಪರ್ವದಲ್ಲಿ ಹಣದ ಜಮಾಖರ್ಚಿನ ಜೊತೆಗೆ ಆ ಗಂಟೆಗಳ ಲೆಕ್ಕವನ್ನೂ ಸಭೆಗೆ ಒಪ್ಪಿಸಬೇಕು. ಎಷ್ಟು ಬರೆಯಿಸಿದರು, ಎಷ್ಟು ನಡೆಯಿಸಿದರು ಎಂಬುದು ಆಗ ತಾನಾಗಿ ತಿಳಿಯುತ್ತದೆ.