ಸೆಳವು ನಿಂತ ಮೇಲಿನ ಮಿದುಳು



ಮೂರ್ಛೆರೋಗವೆಂದೊಡನೆ ನಮ್ಮ ಕಣ್ಮುಂದೆ ಬರುವುದು ಕೈಕಾಲುಗಳ ಸೆಳೆತ, ಬಾಯಿಯ ನೊರೆ, ಅಂಗೈಗೆ ತುರುಕುವ ಬೀಗದ ಕೈ. ಸೆಳವು ತಾನಾಗಿಯೇ ನಿಲ್ಲುತ್ತದೆ, ಕೀರ್ತಿ ಬೀಗದ ಕೈಗೆ ಸಲ್ಲುತ್ತದೆ, ನೆರೆದವರು ನಿಟ್ಟುಸಿರಿಟ್ಟು ಚದುರುತ್ತಾರೆ. ವೈದ್ಯರಿಗೆ ಬೇಕಾದ ಸಾಕ್ಷ್ಯದಲ್ಲಿ ಬಹುಪಾಲನ್ನು ನಾವು ಕಳೆದುಕೊಳ್ಳುವುದು ಆಗಲೇ.

ಕಿವಿಯ ಒಳಬದಿಗಿರುವ ಮಿದುಳಿನ ಭಾಗವನ್ನು ಟೆಂಪೊರಲ್ ಹಾಲೆಯೆನ್ನುತ್ತಾರೆ. ನೆನಪಿಗೂ ಮಾತಿನ ಗ್ರಹಿಕೆಗೂ ಅದು ಮುಖ್ಯ ನೆಲೆ. ಅಲ್ಲಿ ಹುಟ್ಟುವ ಸೆಳವು ಔಷಧಿಗೆ ಮಣಿಯದಿದ್ದರೆ ಶಸ್ತ್ರಚಿಕಿತ್ಸೆಯುಂಟು. 2001ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ 80 ರೋಗಿಗಳಿದ್ದರು. ಒಂದು ವರ್ಷದ ತರುವಾಯ ಅರಿವು ಕುಂದಿಸುವ ಸೆಳವಿನಿಂದ ಮುಕ್ತರಾಗಿದ್ದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 58, ಬರಿಯ ಔಷಧಿಯ ಗುಂಪಿನಲ್ಲಿ 8. ಕತ್ತಿ ಹಿಡಿಯುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಬೇಕು: ಸೆಳವು ಎಡಗಡೆಯದೋ, ಬಲಗಡೆಯದೋ?

ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ ಇ.ಇ.ಜಿ. ವಿಧಾನ ಇಲ್ಲಿ ನೆರವಾಗುತ್ತದೆ. ಸೆಳವಿನ ವೇಳೆ ಸ್ನಾಯುಗಳ ಅದುರಾಟದಿಂದ ದಾಖಲೆ ಗೋಜಲಾಗುವುದುಂಟು. ನಿಂತ ಮೇಲೆ ಪಟ್ಟ ಪಾರ್ಶ್ವವು ದಣಿದು, ಸೆಕೆಂಡಿಗೆ ನಾಲ್ಕಕ್ಕೂ ಕಡಿಮೆಯಾದ ನಿಧಾನ ಅಲೆಗಳನ್ನು ತೋರುತ್ತದೆ. ಅವು ಒಂದೇ ಬದಿಗೆ ಕಂಡರೆ ಮೂಲವೂ ಪ್ರಾಯಶಃ ಅಲ್ಲಿಯೇ.

ಇಡೀ ದೇಹ ಸೆಳೆದ ಮೇಲೆ ಕೆಲವರಲ್ಲಿ ಗೆರೆಯೇ ಚಪ್ಪಟೆಯಾಗುತ್ತದೆ. ಈ ಮೌನ 50 ಸೆಕೆಂಡು ಮೀರಿದರೆ ಅಪಸ್ಮಾರದ ಹಠಾತ್ ಮರಣದ ಅಪಾಯ ಹೆಚ್ಚೆಂದು 2010ರ ಅಧ್ಯಯನವೊಂದು ಹೇಳಿತು; ಅನಂತರದ ಸಂಶೋಧನೆಗಳೆಲ್ಲ ಇದನ್ನು ಒಪ್ಪಲಿಲ್ಲ. ಇದನ್ನು ಖಚಿತ ಸೂಚಕವೆನ್ನಲು ನಾನು ಸಿದ್ಧನಿಲ್ಲ. ಆದರೂ ರೋಗಿಯನ್ನು ಮಗ್ಗುಲಿಗೆ ಹೊರಳಿಸಿ, ಪೂರ್ಣ ಎಚ್ಚರ ಬರುವವರೆಗೆ ಬಳಿಯಲ್ಲಿಯೇ ಇರಲು ಇಷ್ಟು ಕಾರಣ ಸಾಕು.

ಇನ್ನು ನಮ್ಮ ಮನೆಗಳಿಗೆ ನೇರವಾಗಿ ತಾಗುವ ವಿಷಯ. ಸೆಳವು ನಿಂತೊಡನೆ ರೋಗಿಯಿಂದ ಒಂದು ವಾಕ್ಯ ಓದಿಸುವ ಪರೀಕ್ಷೆಯಿದೆ. 1991ರ ಅಧ್ಯಯನವೊಂದರಲ್ಲಿ, ಎಡ ಟೆಂಪೊರಲ್ ಹಾಲೆಯ ಸೆಳವಿನವರಿಗೆ ಸರಿಯಾಗಿ ಓದಲು ಒಂದು ನಿಮಿಷಕ್ಕೂ ಮಿಕ್ಕಿ ಬೇಕಾಯಿತು. ಬಲಗಡೆಯವರು ಅದರೊಳಗೇ ಓದಿದರು. ಹಾಸನದಿಂದ ಮಗನ ಮನೆಗೆ ಬಂದ ತಾಯಿಗೆ ನರ್ಸ್ ಇಂಗ್ಲಿಷ್ ಚೀಟಿ ಹಿಡಿದರೆ? ಆಕೆಯ ಮೌನ ರೋಗದ್ದೋ ಭಾಷೆಯದೋ ಯಾರು ಬಲ್ಲರು? ಆಸ್ಪತ್ರೆಗೆ ಸೇರಿಸುವ ದಿನವೇ ಒಂದು ಕನ್ನಡ ವಾಕ್ಯವನ್ನು ದಪ್ಪಕ್ಷರದಲ್ಲಿ ಬರೆದು, ಅದರ ಉಚ್ಚಾರವನ್ನು ಇಂಗ್ಲಿಷಿನಲ್ಲಿ ಕೆಳಗೆ ಕಾಣಿಸಿ, ನರ್ಸಿನ ಕೈಗೆ ಕೊಡಿ.