ಚಿತ್ರದ ಹಿಂಬದಿಯ ಬರಹ

ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ಬಯಲಲ್ಲಿ ಕೂತು ಭೂದೃಶ್ಯ ಚಿತ್ರಿಸುವವರ ಕಸುಬಿನಲ್ಲಿ ಈ ಎರಡು ಬರಹಗಳಿಗೆ ಹಳೆಯ ನಂಟಿದೆ. ಇಂಗ್ಲೆಂಡಿನ ಜಾನ್ ಕಾನ್‌ಸ್ಟಬಲ್ 1821 ಮತ್ತು 1822ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ಮೋಡಗಳನ್ನೇ ವಸ್ತುವಾಗಿಸಿಕೊಂಡು ತೈಲವರ್ಣದಲ್ಲಿ ಅನೇಕ ಅಧ್ಯಯನಚಿತ್ರಗಳನ್ನು ಬರೆದರು. ಹಲವು ಚಿತ್ರಗಳ ಹಿಂಬದಿಯಲ್ಲಿ ತಾರೀಖು, ಗಂಟೆ, ಗಾಳಿಯ ದಿಕ್ಕು, ಆಕಾಶದ ಸ್ಥಿತಿ ಗುರುತು ಹಾಕಿಟ್ಟರು. ಮುಂದೆ ಹವಾಮಾನ ತಜ್ಞರು ಆ ಟಿಪ್ಪಣಿಗಳನ್ನು ಅಂದಿನ ಹವಾಮಾನ ದಾಖಲೆಗಳ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಯಿತು. ಚಿತ್ರಕಲೆಯ ಪದವಿ ಪಡೆದು ಹೊರಬರುವವರ ಮುಂದೆ ಎರಡು ಕೆಲಸಗಳಿರುತ್ತವೆ: ಸ್ಥಳದಲ್ಲೇ ನಿಂತು ಚಿತ್ರ ಬರೆಯುವುದು, ಆ ಚಿತ್ರ ಅಂತರ್ಜಾಲದಲ್ಲಿ ಹುಡುಕುವವರ ಕೈಗೆ ಸಿಗುವಂತೆ ಮಾಡುವುದು. ಇವೆರಡೂ ಕೂಡುವುದು ಹಿಂಬದಿಯ ಈ ಬರಹದಲ್ಲೇ.

ತೈಲವರ್ಣವನ್ನು ಹೊರಗೆ ಒಯ್ಯುವುದು ಬಹುಕಾಲ ತೊಡಕಿನ ಕೆಲಸವಾಗಿತ್ತು. ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ಒಮ್ಮೆ ಚುಚ್ಚಿ ತೆರೆದರೆ ಮತ್ತೆ ಸರಿಯಾಗಿ ಮುಚ್ಚಲಾಗದೆ ಬಣ್ಣ ಗಟ್ಟಿಯಾಗುತ್ತಿತ್ತು. 1841ರಲ್ಲಿ, ಲಂಡನ್ನಿನಲ್ಲಿ ನೆಲೆಸಿದ್ದ ಅಮೆರಿಕದ ಕಲಾವಿದ ಜಾನ್ ಗಾಫ್ ರ‍್ಯಾಂಡ್ ಹಿಂಡಿ ಬಳಸುವ ತವರದ ಟ್ಯೂಬಿಗೆ ಪೇಟೆಂಟ್ ಪಡೆದರು. ಬಣ್ಣ ಜೋಳಿಗೆಗೆ ಇಳಿದ ಮೇಲೆ ದಿನವಿಡೀ ಹೊರಗಿರುವುದು ಸಲೀಸಾಯಿತು. ಕ್ಲಾಡ್ ಮೊನೆ 1870ರಲ್ಲಿ ಟ್ರೂವಿಲ್ ಕಡಲದಂಡೆಯಲ್ಲಿ ಬರೆದ ಚಿತ್ರವೊಂದರ ಬಣ್ಣದಲ್ಲಿ ಮರಳಿನ ಕಣಗಳು ಇಂದಿಗೂ ಅಂಟಿಕೊಂಡಿವೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಆ ಚಿತ್ರ ತಾನು ಹುಟ್ಟಿದ ಜಾಗವನ್ನು ಮೈಮೇಲೆ ಹೊತ್ತುಕೊಂಡೇ ಇದೆ.

ಬಯಲಿನ ಕೆಲಸದಲ್ಲಿ ಎಲ್ಲವನ್ನೂ ನಿರ್ಧರಿಸುವುದು ಬೆಳಕು. ಅದು ನಿಲ್ಲುವುದಿಲ್ಲ, ಎರಡು ಗಂಟೆ ಕಳೆಯುವಷ್ಟರಲ್ಲಿ ಗೋಡೆಯ ಮೇಲಿನ ನೆರಳು ಬೇರೆ ಆಕಾರಕ್ಕೆ ತಿರುಗಿರುತ್ತದೆ. ಅದಕ್ಕಾಗಿ ಅನುಭವಿಗಳು ಮೊದಲು ನೆರಳಿನ ರಾಶಿಗಳನ್ನು ಗುರುತಿಸಿ ಅಲ್ಲಿಗೇ ಕಟ್ಟಿಹಾಕುತ್ತಾರೆ, ಆಮೇಲೆ ಎಲೆ, ಕಿಟಕಿ, ಜನರ ವಿವರಕ್ಕೆ ಇಳಿಯುತ್ತಾರೆ. ಮೊನೆ 1890–91ರಲ್ಲಿ ಹುಲ್ಲಿನ ಬಣವೆಗಳನ್ನು ಚಿತ್ರಿಸುವಾಗ ಹಲವು ಕ್ಯಾನ್ವಾಸುಗಳನ್ನು ಜೊತೆಗಿಟ್ಟುಕೊಂಡು, ಬೆಳಕು ಬದಲಾದಂತೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ಕಾಗದದ ಮೇಲೆ ನೇರ ಬಿಸಿಲು ಬೀಳಬಾರದು. ಬಿಸಿಲಲ್ಲಿ ಬಣ್ಣಗಳು ಇರುವುದಕ್ಕಿಂತ ಬೆಳಗಿ ಕಾಣುತ್ತವೆ, ಕಲಾವಿದರ ಕೈ ಕಪ್ಪಿನತ್ತ ಜಾರುತ್ತದೆ, ಮನೆಗೆ ತಂದಾಗ ಚಿತ್ರ ಮಂಕಾಗಿರುತ್ತದೆ. ಛತ್ರಿ ಬೇಕಾಗುವುದು ತಲೆಗಿಂತ ಹೆಚ್ಚಾಗಿ ಚಿತ್ರಕ್ಕೆ. ಹವೆಯೂ ಕೆಲಸದ ಪಾಲುದಾರನೇ. ಬಯಲುಸೀಮೆಯ ಏಪ್ರಿಲ್‌ನಲ್ಲಿ ಜಲವರ್ಣದ ತೇವ ಕುಂಚ ಎತ್ತುವಷ್ಟರಲ್ಲಿ ಆರಿಹೋಗುತ್ತದೆ. ಮಲೆನಾಡಿನ ಜುಲೈಯಲ್ಲಿ ಅದೇ ತೇವ ಗಂಟೆ ಕಳೆದರೂ ಆರುವುದಿಲ್ಲ.

ಕರ್ನಾಟಕದಲ್ಲಿ ಈ ಕಸುಬಿಗೆ ಎರಡು ಬಗೆಯ ಮಾದರಿಗಳಿವೆ. ಅವನೀಂದ್ರನಾಥ ಠಾಕೂರರ ಶಿಷ್ಯರಾದ ಕೆ. ವೆಂಕಟಪ್ಪ (1886–1965) ಊಟಿ ಮತ್ತು ಕೊಡೈಕೆನಾಲ್‌ನ ಬೆಟ್ಟಗಳನ್ನು ಜಲವರ್ಣದಲ್ಲಿ ತಂದರು. ಆ ಚಿತ್ರಗಳಲ್ಲಿ ಮಂಜು ಮತ್ತು ಬೆಳಕಿನ ಸೂಕ್ಷ್ಮ ವ್ಯತ್ಯಾಸಗಳೇ ಮುಖ್ಯ. ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ರುಮಾಲೆ ಚೆನ್ನಬಸವಯ್ಯ (1910–1988) ಬೆಂಗಳೂರಿನ ಹೂಬಿಟ್ಟ ಮರಗಳನ್ನೂ ರಸ್ತೆಗಳನ್ನೂ ಉದ್ಯಾನಗಳನ್ನೂ ಎದುರಿಗೆ ನಿಂತು ದಟ್ಟ ಬಣ್ಣಗಳಲ್ಲಿ ಚಿತ್ರಿಸಿದರು. ನಗರ ಬದಲಾದಂತೆ ಅವರ ಚಿತ್ರಗಳಿಗೆ ಕಲಾಕೃತಿಯ ಬೆಲೆಯ ಜೊತೆ ದಾಖಲೆಯ ಬೆಲೆಯೂ ಸೇರಿತು. ಭೂದೃಶ್ಯದಲ್ಲಿ ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳು ನೋಡುಗರಿಗೆ ಎಂದೂ ಗೌಣವಾಗುವುದಿಲ್ಲ.

ಚಿತ್ರ ನೋಡುಗರನ್ನು ತಲುಪಲು ಬಹಳ ಕಾಲ ಗ್ಯಾಲರಿ, ವಾರ್ಷಿಕ ಪ್ರದರ್ಶನ, ಪರಿಚಯಸ್ಥರ ಮಾತು ಇಷ್ಟೇ ದಾರಿಗಳಿದ್ದವು. ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆ ಬೆಂಗಳೂರಿನ ಕುಮಾರಕೃಪಾ ರಸ್ತೆಯನ್ನೇ ಗ್ಯಾಲರಿಯಾಗಿಸಿ ಆ ದಾರಿಯನ್ನು ಅಗಲಗೊಳಿಸಿತು. ಆದರೆ ಅದು ವರ್ಷಕ್ಕೊಮ್ಮೆ. ಅಂತರ್ಜಾಲ ಈ ಕಾಲಮಿತಿಯನ್ನು ತೆಗೆಯಿತು. ಅಮೆರಿಕದ ವರ್ಜೀನಿಯಾದ ಡುವೇನ್ ಕೈಸರ್ 2004ರ ಡಿಸೆಂಬರ್‌ನಲ್ಲಿ ದಿನಕ್ಕೊಂದರಂತೆ ಪೋಸ್ಟ್‌ಕಾರ್ಡ್ ಗಾತ್ರದ ಚಿತ್ರ ಬರೆದು ಜಾಲದಲ್ಲೇ ತೋರಿಸಿ ಮಾರಲು ತೊಡಗಿದರು. ಅನೇಕ ಕಲಾವಿದರು ಆ ಪದ್ಧತಿ ಹಿಡಿದರು. ಸಿಯಾಟಲ್‌ನ ಪತ್ರಿಕಾ ಕಲಾವಿದ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ಆರಂಭಿಸಿದ ‘ಅರ್ಬನ್ ಸ್ಕೆಚರ್ಸ್’ ಬಳಗ ಬಯಲನ್ನೂ ಜಾಲವನ್ನೂ ಒಂದೇ ನಿಯಮದೊಳಗೆ ತಂದಿತು: ಸ್ಥಳದಲ್ಲೇ ಬರೆಯಬೇಕು, ಚಿತ್ರ ಕಾಲ ಮತ್ತು ಜಾಗದ ದಾಖಲೆಯಾಗಿರಬೇಕು, ಬರೆದದ್ದನ್ನು ಜಾಲದಲ್ಲಿ ಹಂಚಿಕೊಳ್ಳಬೇಕು.

ಜಾಲಕ್ಕೆ ಹೋಗುವುದು ಚಿತ್ರವಲ್ಲ, ಚಿತ್ರದ ಫೋಟೊ. ಜಲವರ್ಣಕ್ಕೆ ಗಾಜಿನ ಚೌಕಟ್ಟು ಹಾಕಿಸುವ ಮೊದಲೇ ಫೋಟೊ ತೆಗೆಯಬೇಕು. ಫ್ಲ್ಯಾಶ್ ಬೇಡ, ನೆರಳಿನ ಸಮನಾದ ಬೆಳಕು ಸಾಕು. ಕ್ಯಾಮೆರಾ ಚಿತ್ರಕ್ಕೆ ಸಮಾನಾಂತರವಾಗಿ, ಅದರ ನಡುಮಧ್ಯಕ್ಕೆ ನೇರವಾಗಿರಬೇಕು. ಓರೆಯಾದರೆ ಆಯತ ಓರೆಕೋರೆಯಾಗುತ್ತದೆ. ತೈಲವರ್ಣದ ಹೊಳಪು ಪ್ರತಿಫಲಿಸದಂತೆ ಬೆಳಕು ಪಕ್ಕದಿಂದ ಬರಬೇಕು. ಬಣ್ಣ ತಿದ್ದುವಾಗ ಮೂಲಚಿತ್ರ ಪಕ್ಕದಲ್ಲಿರಬೇಕು. ಪರದೆಯ ಮೇಲೆ ಸೊಗಸಾಗಿ ಕಂಡ ಹಸಿರು ಕೊಂಡವರ ಗೋಡೆಯ ಮೇಲೆ ಇಲ್ಲದಿದ್ದರೆ ನಂಬಿಕೆ ಹೋಗುತ್ತದೆ.

ಸರ್ಚ್ ಎಂಜಿನ್‌ಗಳು ಚಿತ್ರವನ್ನು ಈಗ ಒಂದು ಮಟ್ಟಿಗೆ ಗುರುತಿಸಬಲ್ಲವಾದರೂ, ಹುಡುಕುವವರು ಹೆಚ್ಚಾಗಿ ಟೈಪ್ ಮಾಡುವುದು ಮಾತನ್ನೇ. ಕ್ಯಾಮೆರಾ ಕೊಟ್ಟ ಅಂಕಿಗಳ ಹೆಸರನ್ನೇ ಹೊತ್ತ ಫೈಲಿನಿಂದಲೂ ‘ಶೀರ್ಷಿಕೆರಹಿತ’ ಎಂಬ ಶೀರ್ಷಿಕೆಯಿಂದಲೂ ಏನೂ ತಿಳಿಯುವುದಿಲ್ಲ. ‘ತುಂಗಭದ್ರೆಯ ದಂಡೆ, ಹಂಪಿ, ಜಲವರ್ಣ, 28×38 ಸೆಂ.ಮೀ.; ಬೆಳಗಿನ 7 ಗಂಟೆ, ಮೋಡ ಕವಿದ ಆಕಾಶ’ ಎಂದು ಬರೆದರೆ ಹಂಪಿಯನ್ನು ಹುಡುಕುವವರಿಗೂ ಜಲವರ್ಣ ಹುಡುಕುವವರಿಗೂ ಅದು ಸಿಗುವ ಸಂಭವವಿದೆ. ಫೈಲಿನ ಹೆಸರು, ಚಿತ್ರದಡಿಯ ಸಾಲು, ದೃಷ್ಟಿಹೀನರಿಗೆ ತಂತ್ರಾಂಶ ಓದಿಹೇಳುವ ಪರ್ಯಾಯ ಪಠ್ಯ, ಈ ಮೂರೂ ಕಡೆ ಇಂಥ ವಿವರವೇ ಇರಬೇಕು. ಕನ್ನಡದ ಮಟ್ಟಿಗೆ ಇನ್ನೊಂದು ಎಚ್ಚರ ಅಗತ್ಯ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಸಾಲು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ಸರಮಾಲೆ. ಊರಿನ ಹೆಸರನ್ನು ಯೂನಿಕೋಡ್ ಕನ್ನಡದಲ್ಲೂ ರೋಮನ್ ಲಿಪಿಯಲ್ಲೂ ಕೊಟ್ಟರೆ ಎರಡೂ ಬಗೆಯ ಹುಡುಕಾಟಕ್ಕೆ ಸಿಗುತ್ತದೆ. ಇನ್‌ಸ್ಟಾಗ್ರಾಮಿನಂಥ ಜಾಲತಾಣದಲ್ಲಿ ಹಾಕಿದ ಚಿತ್ರ ಬೇಗ ಕೆಳಗೆ ಸರಿದುಹೋಗುತ್ತದೆ. ಕಲಾವಿದರ ಸ್ವಂತ ತಾಣದ ಪುಟ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಮೊದಲನೆಯದು ಕರೆಯುವುದಕ್ಕೆ, ಎರಡನೆಯದು ಉಳಿಸುವುದಕ್ಕೆ.

ಕಂಡವರು ಕೊಳ್ಳಬಹುದು, ಕದಿಯಲೂಬಹುದು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕಲಾಕೃತಿಯ ಹಕ್ಕು ಕಲಾವಿದರ ಜೀವಿತಕಾಲ ಮತ್ತು ಆಮೇಲಿನ 60 ವರ್ಷ ಇರುತ್ತದೆ. ಚಿತ್ರ ಮಾರಿದ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ. ಅದನ್ನು ವರ್ಗಾಯಿಸಲು ಲಿಖಿತ ಒಪ್ಪಂದ ಬೇಕು. ಹಣ ಕೊಟ್ಟು ಬರೆಸಿದ ಚಿತ್ರದ ವಿಷಯ ಬೇರೆ: ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಬರೆಸಿದವರೇ ಮೊದಲ ಹಕ್ಕುದಾರರು. ಮೂಲಚಿತ್ರ ಮುಂದೆ 10,000 ರೂಪಾಯಿಗೆ ಮೀರಿ ಮರುಮಾರಾಟವಾದರೆ, ಮೊದಲ ಹಕ್ಕುದಾರರಾಗಿದ್ದ ಕಲಾವಿದರಿಗೆ ಗರಿಷ್ಠ ಶೇ 10ರವರೆಗೆ ಪಾಲು ಸಲ್ಲಬೇಕೆಂದೂ ಕಾಯ್ದೆ ಹೇಳುತ್ತದೆ. ತಕರಾರು ಬಂದಾಗ ಕೇಳುವುದು ಯಾರು, ಎಲ್ಲಿ, ಯಾವಾಗ ಬರೆದದ್ದು ಎಂಬುದನ್ನೇ. ಜಾಲಕ್ಕೆ ಏರಿಸುವಾಗ ಫೋಟೊದೊಳಗೆ ಅಡಗಿಸಿದ ಹೆಸರು, ತಾರೀಖು ಅಳಿಸಿಹೋಗುವುದುಂಟು. ಸ್ಥಳ ಬಿಟ್ಟು ಏಳುವ ಮೊದಲು ಕಾಗದದ ಹಿಂಬದಿಯಲ್ಲಿ, ಇನ್ನೊಂದು ಬದಿಗೆ ಇಳಿಯದಂತೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆದ ಎರಡು ಸಾಲು ಅಳಿಯುವುದಿಲ್ಲ.