ರೂಢನಾಮವೂ ಗಣಕಭಾಷೆಯೂ

ದೇವದುರ್ಗದ ಕಡೆಯ ಹುಡುಗನೊಬ್ಬ ಮೊನ್ನೆ ರಾಯಚೂರಿನ ನಮ್ಮ ಮನೆಗೆ ಬಂದಿದ್ದ. ಜಾವಾ ಎಂಬ ಗಣಕಭಾಷೆಯನ್ನು ಕಲಿತವನು. ಈಗ ಪೈಥಾನ್ ಕಲಿಯಬೇಕಾಗಿದೆ. “ಎಲ್ಲಾ ಮೊದಲಿಂದ ಕಲೀಬೇಕ್ರಿ ಸರ್, ನನ್ನ ಕೈಲೆ ಆಗಂಗಿಲ್ಲ. ಓದು ಬಿಡ್ತೀನಿ” ಎಂದ.

ನಾನು ಕನ್ನಡ ಪಂಡಿತ. ಗಣಕ ಕಲಿಸುವ ಮಿತ್ರರೊಬ್ಬರನ್ನು ಜೊತೆಗಿಟ್ಟುಕೊಂಡು ವ್ಯಾಕರಣದಿಂದಲೇ ಪಾಠ ತೊಡಗಿದೆ. ‘ನದಿ’ ಎಂಬುದು ರೂಢನಾಮ. ‘ಕೃಷ್ಣಾ’, ‘ತುಂಗಭದ್ರಾ’ ಎಂಬುವು ಅಂಕಿತನಾಮಗಳು. ಹಾಗೆಯೇ ‘ಕಾಲುವೆ’ ಎಂಬ ಮಾದರಿಯೇ ಕ್ಲಾಸ್. ಮಾನ್ವಿಗೆ ನೀರುಣಿಸುವ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗಕ್ಕೆ ನೀರುಣಿಸುವ ನಾರಾಯಣಪುರ ಬಲದಂಡೆ ಕಾಲುವೆ, ಇವೆರಡೂ ಆಬ್ಜೆಕ್ಟ್‌ಗಳು. ಒಂದೊಂದಕ್ಕೂ ತನ್ನದೇ ನೀರಿನ ಮಟ್ಟವುಂಟು. ಅದನ್ನು ತೂಬಿನ ಮೂಲಕವೇ ಏರಿಳಿಸಬೇಕಲ್ಲದೆ, ಬಂದವರೆಲ್ಲ ದಂಡೆ ಒಡೆಯುವಂತಿಲ್ಲ.

ಈ ವಿಚಾರ ನಾರ್ವೆ ದೇಶದ ಡಾಲ್ ಮತ್ತು ನೈಗಾರ್ಡ್ ಎಂಬ ವಿದ್ವಾಂಸರು 1967ರಲ್ಲಿ ರೂಪಿಸಿದ ಸಿಮುಲಾ 67 ಭಾಷೆಯಲ್ಲಿ ಮೈದಾಳಿತು. ಅದರ ಋಣ 1991ರ ಪೈಥಾನ್, 1995ರ ಜಾವಾ ಎರಡರ ಮೇಲೂ ಇದೆ.

ಭಾಷೆ ಬದಲಾದಾಗ ಕಟ್ಟಳೆ ಬದಲಾಗುವುದು ನಿಜ. ಜಾವಾದಲ್ಲಿ ‘ಪ್ರೈವೇಟ್’ ಎಂದು ಬರೆದರೆ ನೀರಿನ ಮಟ್ಟಕ್ಕೆ ಬೀಗ ಬಿದ್ದಂತೆ. ಪೈಥಾನಿನಲ್ಲಿ ಹೆಸರಿನ ಮೊದಲಿಗೆ ಒಂದು ಅಡಿಗೆರೆ; ‘ದಯವಿಟ್ಟು ಮುಟ್ಟಬೇಡಿ’ ಎಂಬ ಸೂಚನೆ, ಅಷ್ಟೆ. ಆದರೂ ಕಾಲುವೆ ಕಾಲುವೆಯೇ.

ತಮ್ಮ ಮನೆಯ ಮಕ್ಕಳೂ ಹೀಗೆ ಕಂಗೆಟ್ಟರೆ, ಚಿಹ್ನೆಗಳನ್ನು ಉರುಹೊಡೆಸಬೇಡಿ. ಮಾದರಿ ಯಾವುದು, ವಸ್ತು ಯಾವುದು ಎಂದು ಮೊದಲು ಕೇಳಿರಿ. ನಮ್ಮ ಹುಡುಗ ಸಂಜೆಯ ಬಸ್ಸು ಹತ್ತುವ ಮುನ್ನ ಅದೇ ಕಾಲುವೆಯನ್ನು ಪೈಥಾನಿನಲ್ಲಿ ಬರೆದು ತೋರಿಸಿದ. ಓದು ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ.